ಟಿಕೆಟ್ ಇಲ್ಲದ ಹಾಡು

ಐಟಿಐ ಮಾಡಿದ ಎಲೆಕ್ಟ್ರಿಷಿಯನ್ ನಾನು. ಸಂಗೀತದ ಬಗ್ಗೆ ಮಾತಾಡಿ ಅಂದಾಗ ನಗು ಬಂತು.

ಸಿಂಗಪುರಕ್ಕೆ ಬಂದ ಮೊದಲ ಮೂರು ವರ್ಷ ಕ್ರಿಸ್‌ಮಸ್ ರಜೆಗೆ ಡಾರ್ಮಿಟರಿಯಲ್ಲೇ ಮಲಗಿರ್ತಿದ್ದೆ. ಆರ್ಚರ್ಡ್ ರಸ್ತೆಯ ದೀಪಾಲಂಕಾರ ನೋಡಿದ್ದೆ, ಅದು ಕಸುಬಿನ ಚಪಲ. ಡೂರಿಯನ್ ಹಣ್ಣಿನ ಮುಳ್ಳಿನಂಥ ಚಾವಣಿಯ ಎಸ್‌ಪ್ಲನೇಡ್ ಮಾತ್ರ ದುಡ್ಡಿದ್ದವರಿಗೆ ಅಂದ್ಕೊಂಡಿದ್ದೆ. ನಾಲ್ಕನೇ ವರ್ಷ ಡಿಸೆಂಬರಿನ ಒಂದು ಭಾನುವಾರ ರೂಮಿನ ತಮಿಳು ಅಣ್ಣ ಎಳ್ಕೊಂಡು ಹೋದ್ರು. ನೀರಿನ ಪಕ್ಕದ ಬಯಲು ರಂಗಮಂದಿರ, ಟಿಕೆಟ್ಟೇ ಇಲ್ಲ!

ಕ್ಯಾರಲ್ ಹಾಡ್ತಿದ್ದರು. ಮಾತು ಅರ್ಥವಾಗಲಿಲ್ಲ. ಹೆಂಗಸರ ದನಿ ಮೇಲೆ, ಗಂಡಸರದು ಕೆಳಗೆ, ಒಂದೇ ಹಾಡಿಗೆ ನಾಲ್ಕು ದಾರಿ. ನಮ್ಮೂರ ಭಜನೆಯಲ್ಲಿ ಎಲ್ಲರದೂ ಒಂದೇ ದಾರಿ ತಾನೇ? ಅಭ್ಯಾಸಬಲ, ಸ್ಪೀಕರ್ ಕಡೆ ಕಿವಿಯಿಟ್ಟೆ: ಗುಂಯ್ ಅನ್ನೋ ಸದ್ದೇ ಇಲ್ಲ. ಊರಲ್ಲಿ ಗಣೇಶನ ಆರ್ಕೆಸ್ಟ್ರಾಗೆ ಲೈಟಿನ ಡಿಮ್ಮರಿಗೂ ಮೈಕ್‌ಸೆಟ್ಟಿಗೂ ಒಂದೇ ಲೈನ್ ಕೊಟ್ಟು ಹಾಡೆಲ್ಲ ಕೆಡಿಸಿದ್ದೆ. ಅಪ್ಪ ಎಲ್ಲರೆದುರು ಬೈದಿದ್ದರು.

ಆ ವರ್ಷವೇ ಅಪ್ಪ ತೀರಿಕೊಂಡಿದ್ದರು. ಮಣ್ಣಿಗೆ ಹೋಗಲಾಗಿರಲಿಲ್ಲ. ಏಳು ತಿಂಗಳು ಬಾರದ ಅಳು ಅಲ್ಲಿ ಬಂತು. ಪಕ್ಕದ ಚೀನೀ ಅಜ್ಜಿ ಏನೂ ಕೇಳದೆ ಟಿಶ್ಯೂ ಪ್ಯಾಕೆಟ್ ಕೊಟ್ಟರು.

ಈ ಡಿಸೆಂಬರಲ್ಲೂ ಹೋಗ್ತೀನಿ. ಸಿಟಿ ಹಾಲ್ ಸ್ಟೇಷನ್ನಿನಲ್ಲಿ ಇಳೀರಿ, ಅಲ್ಲಿಂದ ನಡ್ಕೊಂಡು ಹೋಗೋಣ. ಕೆಲಸದ ಬೂಟಲ್ಲೇ ಬಂದ್ರೂ ಪರವಾಗಿಲ್ಲ.