ಎರೆಯ ಜೋಳ, ಘಟ್ಟದ ಹಲಸು: ಒಂದು ಕಡುಬಿನ ವಿಚಾರ

(ಗಲಗಲಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಜೋಳದ ನಾಡಿಗೆ ಬಂದು ಜೋಳದ ಅಡುಗೆಯನ್ನು ಹೇಳಲು ಹೊರಡುವುದು ಸಾಹಸವೇ ಸರಿ. ರೊಟ್ಟಿ ಬಡಿಯುವ ತಾಯಂದಿರ ಮುಂದೆ ನನ್ನ ಡಾಕ್ಟರೇಟ್ ಪದವಿಗೆ ಹೆಚ್ಚಿನ ಬೆಲೆಯಿಲ್ಲ. ಆದರೂ ನಾನು ಬಂದಿರುವುದು ಒಂದು ನಂಟಿನ ಹಕ್ಕಿನಿಂದ. ತಮ್ಮೂರ ಪಕ್ಕದಲ್ಲಿ ಹರಿಯುವ ಕೃಷ್ಣೆ ಹುಟ್ಟುವುದು ಸಹ್ಯಾದ್ರಿಯ ಮಹಾಬಲೇಶ್ವರದ ಬಳಿ. ಘಟಪ್ರಭೆ, ಮಲಪ್ರಭೆಗಳೂ ಅದೇ ಸಹ್ಯಾದ್ರಿಯ ಮಕ್ಕಳು. ಘಟ್ಟದ ಮೇಲಿನ ಕಾಡು ಹಿಡಿದಿಟ್ಟ ಮಳೆಯೇ ಇಲ್ಲಿ ಹೊಲಗಳಿಗೆ ನೀರಾಗುತ್ತದೆ. ನಾವೂ ತಾವೂ ಒಂದೇ ನೀರಿನವರು. ಈ ನಂಟು ನೀರಿಗಷ್ಟೇ ನಿಲ್ಲದೆ ಊಟದ ಎಲೆಗೂ ಬರಲಿ ಎಂಬುದು ನನ್ನ ಇಂದಿನ ಮಾತಿನ ಸಾರ.

ನಮ್ಮಲ್ಲಿ ಬೇಸಿಗೆಯ ಕೊನೆಯಿಂದ ಮಳೆಗಾಲದ ಮೊದಲ ತಿಂಗಳವರೆಗೆ ಹಲಸಿನ ಸುಗ್ಗಿ. ಗೊಬ್ಬರವಿಲ್ಲದೆ, ಔಷಧಿಯಿಲ್ಲದೆ ಬೆಳೆದ ಹಣ್ಣು ಮರದಡಿಯಲ್ಲಿಯೇ ಬಿದ್ದು ಕೊಳೆಯುತ್ತದೆ. ಬಕ್ಕೆ ಹಲಸಿಗೆ ಒಂದಿಷ್ಟು ಗಿರಾಕಿಗಳಿದ್ದಾರೆ. ತೊಳೆ ಮೆತ್ತಗಿರುವ ಅಂಬಲಿ ಹಲಸನ್ನು ಕೇಳುವವರಿಲ್ಲ. ಬೆಲೆಯಿಲ್ಲದ ಮರ ಅಡಿಕೆ ತೋಟ ವಿಸ್ತರಿಸುವಾಗ ಮೊದಲು ಕೊಡಲಿಗೆ ಸಿಕ್ಕುತ್ತದೆ. ಒಂದು ಹಲಸಿನ ಮರವೆಂದರೆ ಹಣ್ಣು, ಸೊಪ್ಪು, ನೆರಳು, ಮಣ್ಣನ್ನು ಹಿಡಿದಿಡುವ ಬೇರು ಎಲ್ಲವೂ ಹೌದು. ನೆರೆಯ ಕೇರಳವು 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದು ಘೋಷಿಸಿತು. ನಮ್ಮಲ್ಲಿಯೂ ತುಮಕೂರು ಜಿಲ್ಲೆಯ ‘ಸಿದ್ದು’ ಎಂಬ ಕೆಂಪು ತೊಳೆಯ ತಳಿಯನ್ನು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ಗುರುತಿಸಿ ಕಸಿ ಗಿಡಗಳನ್ನು ಬೆಳೆಸಿತು. ಆದರೆ ಘೋಷಣೆಯಿಂದಲೇ ಮರ ಉಳಿಯುವುದಿಲ್ಲ; ತಿನ್ನುವವರಿದ್ದರೆ ಉಳಿಯುತ್ತದೆ.

ಇಲ್ಲಿಯ ಕಥೆಯೂ ಬೇರೆಯಲ್ಲ. ಎರೆಭೂಮಿಯು ಹೀರಿಟ್ಟುಕೊಂಡ ತೇವದಲ್ಲಿಯೇ, ನೀರು ಹಾಯಿಸದೆ, ಹಿಂಗಾರಿಯಲ್ಲಿ ಬಿಳಿಜೋಳ ಬೆಳೆಯುವುದು ಈ ಸೀಮೆಯ ರೈತರ ಜಾಣ್ಮೆ. ಮಾಲದಂಡಿ ಎಂದು ಹೆಸರಾದ ಎಂ 35-1 ತಳಿ ಇಂದಿಗೂ ರೊಟ್ಟಿಯ ರುಚಿಗೆ, ದನಗಳ ಕಣಿಕೆಗೆ ಮೇಲಾಗಿದೆ. ಆದರೆ ನೀರು ಬಂದಂತೆ ಕಬ್ಬು ಬಂತು. ಕಬ್ಬನ್ನು ನಾನು ಹಳಿಯುವುದಿಲ್ಲ. ಅದು ಅನೇಕ ಮನೆಗಳ ಸಾಲ ತೀರಿಸಿದೆ, ಮಕ್ಕಳನ್ನು ಓದಿಸಿದೆ. ಆದರೆ ಎರೆಭೂಮಿಗೆ ವರ್ಷವಿಡೀ ನೀರು ನಿಲ್ಲಿಸಿದಲ್ಲಿ ಸವಳು-ಜವಳು ಬರುತ್ತದೆಂಬುದನ್ನು ತಾವೇ ಕಂಡಿದ್ದೀರಿ. ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಮನೆಗಳೇ ಈಗ ಸಂತೆಯಿಂದ ಜೋಳ ತರುತ್ತಿವೆ. ಮಕ್ಕಳ ತಟ್ಟೆಯಲ್ಲಿ ಬಿಳಿ ಅನ್ನ ಹೆಚ್ಚಿದೆ.

ಇದರಿಂದ ದೇಹಕ್ಕೆ ಆಗುವುದೇನು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಕೋಷ್ಟಕಗಳ ಪ್ರಕಾರ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸಸಾರಜನಕ 8 ಗ್ರಾಂ, ನಾರು 3 ಗ್ರಾಮಿಗೂ ಕಡಿಮೆ, ಕಬ್ಬಿಣ 1 ಮಿಲಿಗ್ರಾಮನ್ನೂ ಮುಟ್ಟುವುದಿಲ್ಲ. ಅಕ್ಕಿಯ ಸತ್ವವೆಲ್ಲ ತೌಡಿನೊಡನೆ ಗಿರಣಿಯಲ್ಲಿಯೇ ಉಳಿದುಬಿಡುತ್ತದೆ. ಜೋಳವನ್ನು ನಾವು ಸಿಪ್ಪೆ, ಮೊಳಕೆಯ ಭಾಗ ಸಮೇತ ಬೀಸಿ ತಿನ್ನುತ್ತೇವೆ. ಹೀಗಾಗಿ ಅದು ಇಡಿಧಾನ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಕಂಡುಬಂದಿತು. ಈ ಸಂಖ್ಯೆಯನ್ನು ಇಲ್ಲಿ ಕುಳಿತ ಹೆಣ್ಣುಮಕ್ಕಳು ಮನಸ್ಸಿನಲ್ಲಿಡಬೇಕು. ರಕ್ತಹೀನತೆಗೆ ಕಾರಣಗಳು ಹಲವು. ಆಹಾರ ಅವುಗಳಲ್ಲಿ ನಮ್ಮ ಕೈಯಲ್ಲಿರುವಂಥದು.

ಈಗ ಅಡುಗೆಗೆ ಬರೋಣ. ಮಲೆನಾಡಿನಲ್ಲಿ ಹಲಸಿನ ಹಣ್ಣಿನ ಕಡುಬನ್ನು ಅಕ್ಕಿಯ ತರಿಯಿಂದ ಮಾಡುತ್ತೇವೆ. ಅಕ್ಕಿಯ ಜಾಗದಲ್ಲಿ ತಮ್ಮ ಜೋಳದ ನುಚ್ಚನ್ನು ಇಡೋಣ.

ಎರಡು ಲೋಟ ಜೋಳವನ್ನು ತೊಳೆದು ರಾತ್ರಿ ನೆನೆಯಿಡಬೇಕು. ಜೋಳದಲ್ಲಿರುವ ಫೈಟೇಟ್ ಎಂಬ ಅಂಶ ಕಬ್ಬಿಣವನ್ನು ಕಟ್ಟಿಹಾಕಿ ದೇಹಕ್ಕೆ ದಕ್ಕದಂತೆ ಮಾಡುತ್ತದೆ. ನೆನೆಸುವುದರಿಂದ ಅದು ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಬೆಳಿಗ್ಗೆ ನೀರು ಬಸಿದು, ಬಟ್ಟೆಯ ಮೇಲೆ ಹರವಿ ಒಣಗಿಸಿ, ಹಸಿ ವಾಸನೆ ಹೋಗುವಷ್ಟು ಹುರಿದು ನುಚ್ಚಾಗಿ ಒಡೆಯಬೇಕು. ಸಿಪ್ಪೆಯನ್ನು ಕೇರಿ ಚೆಲ್ಲಬಾರದು. ಅಂಬಲಿ ಹಲಸಿನ ತೊಳೆಗಳನ್ನು ಬಿಡಿಸಿ, ಬೀಜ ತೆಗೆದು, ಜಾಲರಿಯ ಮೇಲೆ ಕಿವುಚಿದರೆ ನಾರು ಮೇಲುಳಿದು ರಸ ಕೆಳಗಿಳಿಯುತ್ತದೆ. ಕೈಗೆ ಎಣ್ಣೆ ಸವರಿಕೊಂಡರೆ ಮೇಣ ಅಂಟದು. ಎರಡು ಲೋಟ ನುಚ್ಚಿಗೆ ಸುಮಾರು ಮೂರು ಲೋಟ ರಸ, ಅರ್ಧ ಲೋಟ ಕಾಯಿತುರಿ, ಚಿಟಿಕೆ ಉಪ್ಪು, ಏಲಕ್ಕಿ ಸೇರಿಸಿ ಎರಡು ತಾಸು ಬಿಡಬೇಕು. ನುಚ್ಚು ರಸವನ್ನು ಹೀರಿ, ಹಿಟ್ಟು ಇಡ್ಲಿಯ ಹಿಟ್ಟಿಗಿಂತ ತುಸು ಗಟ್ಟಿಯಾಗುತ್ತದೆ. ಬೇಸಿಗೆಯಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಹುಳಿಯಾದೀತು.

ಬಾಳೆಲೆಯನ್ನು ಬೆಂಕಿಗೆ ಬಾಡಿಸಿ, ಒಂದೊಂದು ಸೌಟು ಹಿಟ್ಟು ಹಾಕಿ ಮಡಚಿ, ಹಬೆಯಲ್ಲಿ ಬೇಯಿಸಬೇಕು. ಅಕ್ಕಿಯ ಕಡುಬಿಗಿಂತ ಇದಕ್ಕೆ ಹೆಚ್ಚು ಹೊತ್ತು ಬೇಕು, ಸುಮಾರು ಮುಕ್ಕಾಲು ತಾಸು. ಜೋಳದ ಪಿಷ್ಟವನ್ನು ಅದರ ಸಸಾರಜನಕವೇ ಸುತ್ತುವರಿದಿರುವುದರಿಂದ ಅದು ಅರಳಲು ನಿಧಾನ. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದಿದ್ದಾಗ ಬೆಂದಿತೆಂದು ತಿಳಿಯಬೇಕು.

ಬೆಲ್ಲ ಹಾಕಲಿಲ್ಲವೇಕೆ ಎಂದು ಕೇಳುವಿರಿ. ಬೆಲ್ಲದ ಸೀಮೆಯಲ್ಲಿ ಹೀಗೆನ್ನುವುದು ಅಪರಾಧವಾದೀತು! ಆದರೆ 100 ಗ್ರಾಂ ಹಲಸಿನ ತೊಳೆಯಲ್ಲಿಯೇ ಸುಮಾರು 19 ಗ್ರಾಂ ಸಕ್ಕರೆಯಂಶವಿದೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಅದೇ ಸಾಕು. ಸಕ್ಕರೆ ಕಾಯಿಲೆಯವರು ಇದನ್ನು ಔಷಧವೆಂದು ಭಾವಿಸಬಾರದು. ನಾರಿದ್ದರೂ ಸಿಹಿ ಸಿಹಿಯೇ. ಅವರಿಗೆ ಒಂದು ಕಡುಬು, ಅದೂ ಊಟದ ಅನ್ನಕ್ಕೆ ಬದಲಾಗಿ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹಲಸು ತಿನ್ನಬೇಕು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು.

ಕಡುಬೊಂದೇ ಪೂರ್ಣ ಆಹಾರವಲ್ಲ. ಜೋಳದ ಸಸಾರಜನಕದಲ್ಲಿ ಲೈಸಿನ್ ಕಡಿಮೆ. ಕಾಳುಗಳಲ್ಲಿ ಅದು ಧಾರಾಳ. ಹಲಸಿನಲ್ಲಿರುವ ‘ಸಿ’ ಜೀವಸತ್ವದ ಬಹುಭಾಗ ಹಬೆಯಲ್ಲಿ ನಾಶವಾಗುತ್ತದೆ. ಧಾನ್ಯದ ಕಬ್ಬಿಣ ರಕ್ತಕ್ಕೆ ಸೇರಲು ಆ ಜೀವಸತ್ವ ಬೇಕು. ಆದ್ದರಿಂದ ಮೊಳಕೆ ಬಂದ ಹೆಸರುಕಾಳಿಗೆ ಲಿಂಬೆ ಹಿಂಡಿ ಜೊತೆಗಿಡಿ, ಇಲ್ಲವೆ ಒಂದು ಪೇರಲ ಹಣ್ಣು ತಿನ್ನಿ. ಊಟದ ಬೆನ್ನಿಗೇ ಚಹಾ ಕುಡಿಯಬೇಡಿ. ಅದರ ಒಗರು ಕಬ್ಬಿಣವನ್ನು ತಡೆಯುತ್ತದೆ. ಹಲಸಿನ ಬೀಜವನ್ನು ಎಸೆಯದೆ ಬೇಯಿಸಿ ಪಲ್ಯಕ್ಕೆ ಹಾಕಿ.

ಗಲಗಲಿಯಲ್ಲಿ ಹಲಸೆಲ್ಲಿ ಎಂಬ ಪ್ರಶ್ನೆ ಸಹಜ. ನೀರು ನಿಲ್ಲುವ ಎರೆಯಲ್ಲಿ ಹಲಸು ಬಾಳದು. ಇಲ್ಲಿಯ ತೋಟದ ಕಳಿತ ಬಾಳೆಹಣ್ಣನ್ನೇ ಕಿವುಚಿ, ಸ್ವಲ್ಪ ನೀರು ಬೆರೆಸಿ ಇದೇ ಕ್ರಮದಲ್ಲಿ ಮಾಡಬಹುದು. ಘಟ್ಟದವರಾದ ನಾವು ಹಲಸಿನ ಕಾಲದಲ್ಲಿ ಹಣ್ಣನ್ನು ಇತ್ತ ಕಳಿಸಿ, ಸುಗ್ಗಿಯಲ್ಲಿ ತಮ್ಮ ಜೋಳವನ್ನು ಅತ್ತ ಒಯ್ಯುವ ವ್ಯವಸ್ಥೆಯೂ ಸಾಧ್ಯ. ಮಲೆನಾಡಿನ ಮನೆಗಳಲ್ಲಿಯೂ ಮೂರು ಹೊತ್ತು ಅಕ್ಕಿಯೇ. ನಮಗೆ ಜೋಳ ಬೇಕಾಗಿದೆ.

2023ನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಪೇಟೆಗಳಲ್ಲಿ ಜೋಳದ ಬಿಸ್ಕತ್ತು ಬಂತು. ಆದರೆ ಬಿತ್ತುವ ರೈತನಿಗೆ ಬೆಲೆ, ಉಣ್ಣುವ ಮಗುವಿಗೆ ರುಚಿ, ಇವೆರಡೂ ಸಿಗದೆ ಯಾವ ವರ್ಷಾಚರಣೆಯೂ ಒಂದು ಬೆಳೆಯನ್ನು ಉಳಿಸಲಾರದು. ರೈತರಲ್ಲಿ ನನ್ನ ವಿನಂತಿ: ಕಬ್ಬಿನ ನಡುವೆಯೂ ಮನೆಯ ಜೋಳಕ್ಕೆಂದು ಅರ್ಧ ಎಕರೆಯನ್ನಾದರೂ ಮೀಸಲಿಡಿ, ಬೀಜವನ್ನು ಕೈಬಿಡಬೇಡಿ. ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ: ಮನೆಯ ಅಜ್ಜಿಯನ್ನು ಕೇಳಿ ಜೋಳದಿಂದ ಮಾಡುತ್ತಿದ್ದ ಅಡುಗೆಗಳನ್ನೆಲ್ಲ ಬರೆದಿಡಿ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಚರಗ ಚೆಲ್ಲಲು ಒಯ್ಯುವ ಬುತ್ತಿಯಿಂದ ಆ ಪಟ್ಟಿ ಆರಂಭವಾಗಲಿ. ನಮ್ಮ ಘಟ್ಟದ ಮಕ್ಕಳು ಹಲಸಿನ ಅಡುಗೆಗಳ ಪಟ್ಟಿಯನ್ನು ಮಾಡಲಿ. ಎರಡು ಪಟ್ಟಿಗಳು ಒಂದೆಡೆ ಸೇರಿದ ದಿನ ಮತ್ತೆ ಮಾತನಾಡೋಣ. ಒಲೆಯ ಮೇಲೆ ಕಡುಬು ಬೆಂದಿದೆ. ಈಗ ತಾವು ತಿಂದು ನೋಡಿ, ಕೊರತೆಯಿದ್ದರೆ ಹೇಳಿ.