ನಮ್ಮ ದಿನಚರಿಯೂ ದೀರ್ಘಕಾಲದ ಕಾಯಿಲೆಗಳೂ

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ವೈದ್ಯನಲ್ಲ, ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ. ಆದರೂ ಈ ವಿಷಯ ಆರಿಸಿಕೊಳ್ಳಲು ನಮ್ಮ ಮನೆಯಲ್ಲೇ ಕಾರಣವಿದೆ.

ನಮ್ಮ ಅಬ್ಬಾ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಕೆಲಸಕ್ಕಿದ್ದರು. ಒಂದು ದಿನ ಅವರ ಅಂಗಾಲಿಗೆ ಚಿಪ್ಪಿನ ಚೂರು ಚುಚ್ಚಿತು. ನೋವೇ ಆಗಲಿಲ್ಲ. ಮೂರನೆಯ ದಿನ ಚಾಪೆಯ ಮೇಲೆ ಕೀವಿನ ಕಲೆ ಕಂಡು ಅಮ್ಮಿ ಕೇಳಿದಾಗಲೇ ಗೊತ್ತಾದದ್ದು. ಆಸ್ಪತ್ರೆಯಲ್ಲಿ ಪರೀಕ್ಷಿಸಿದರೆ ಸಕ್ಕರೆ ಕಾಯಿಲೆ; ಬಹಳ ವರ್ಷಗಳಿಂದ ಇದ್ದಿರಬೇಕು ಎಂದರು ಡಾಕ್ಟರು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಕಾಲಿನ ನರಗಳು ಮರಗಟ್ಟುತ್ತವೆ, ರಕ್ತಸಂಚಾರ ಕುಗ್ಗುತ್ತದೆ. ಗಾಯ ತಿಳಿಯುವುದೂ ಇಲ್ಲ, ಬೇಗ ಮಾಯುವುದೂ ಇಲ್ಲ. ಅಬ್ಬಾ ಎರಡು ಬೆರಳು ಕಳೆದುಕೊಂಡರು. ಈಗ ದಿನಾ ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತಾರೆ.

"ಮೂಟೆ ಹೊತ್ತವನಿಗೆ ಎಂಥ ಸಕ್ಕರೆ ಕಾಯಿಲೆ?" ಎಂದು ಅವರು ಕೇಳುತ್ತಿದ್ದರು. ಆದರೆ ಮೂಟೆ ಬಿಟ್ಟು ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹದಿನೈದು ವರ್ಷವಾಗಿತ್ತು. ಊಟ ಮಾತ್ರ ಮೂಟೆ ಹೊರುವ ಕಾಲದ್ದೇ.

ಕೊಬ್ಬರಿ ಆಗುವ ಬಗೆಯನ್ನು ನಿಮಗೆ ನಾನು ಹೇಳಬೇಕಿಲ್ಲ. ಕಾಯನ್ನು ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೆರಡು ತಿಂಗಳು ನಾವು ಅತ್ತ ತಿರುಗಿಯೂ ನೋಡುವುದಿಲ್ಲ. ಒಳಗೆ ನೀರು ಇಂಗುತ್ತಲೇ ಇರುತ್ತದೆ. ಅಲ್ಲಾಡಿಸಿದಾಗ ಸದ್ದು ಬಂದರೆ ಆಗಲೇ ಗಿಟುಕು ಆಗಿರುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಬರುವುದೂ ಹೀಗೆಯೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ನಮ್ಮ ಚಹಾದ ಲೆಕ್ಕವನ್ನೇ ಹಾಕಿ ನೋಡಿ. ಲೋಟಕ್ಕೆ ಎರಡು ಚಮಚ, ಅಂದರೆ ಸುಮಾರು 8 ಗ್ರಾಂ ಸಕ್ಕರೆ. ದಿನಕ್ಕೆ ಆರು ಲೋಟವಾದರೆ 48 ಗ್ರಾಂ. ತಿಂಗಳಿಗೆ ಹತ್ತಿರ ಒಂದೂವರೆ ಕೆ.ಜಿ. ಇದು ಒಬ್ಬರ ಪಾಲು, ಬರೀ ಚಹಾದಲ್ಲಿ. ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಆದರೆ ನೆಂಟರಿಗೆ ಸಪ್ಪೆ ಚಹಾ ಕೊಟ್ಟರೆ ನಮ್ಮ ಮರ್ಯಾದೆ ಹೋಗುತ್ತದಲ್ಲ! ಇನ್ನು ನಡಿಗೆ. ಎರಡು ಕಿಲೋಮೀಟರ್ ದೂರದ ಶಾಲೆಗೆ ನಾನೂ ಬೈಕಿನಲ್ಲೇ ಹೋಗುತ್ತಿದ್ದೆ. ಈಗ ನಡೆಯುತ್ತೇನೆ, ಮಳೆಯ ದಿನ ಬಿಟ್ಟು.

ಮುಂದಿನ ಮಾತು ಕೆಲವರಿಗೆ ಹಿಡಿಸಲಾರದು. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ಜೊತೆಗೆ ಅಡಿಕೆ ಬೆಳೆದೇ ಎಷ್ಟೋ ಮನೆಗಳು ಮಕ್ಕಳನ್ನು ಓದಿಸಿವೆ. ಆದರೆ ತಂಬಾಕು ಸೇರಿಸದ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ದಾಖಲಿಸಿದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಎರಡನ್ನೂ ಅಂಗೈಯಲ್ಲೇ ಬೆರೆಸುತ್ತಾರೆ. ಹೈಸ್ಕೂಲು ಹುಡುಗರ ಜೇಬಿನಲ್ಲೂ ನಾನು ಕಂಡಿದ್ದೇನೆ. ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಬಾಯಿಯ ಹುಣ್ಣು ಎರಡು ವಾರ ಕಳೆದರೂ ಮಾಯದಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಮೂವತ್ತು ದಾಟಿದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಉಚಿತ. ವಿದ್ಯಾರ್ಥಿಗಳೇ, ಅಬ್ಬಾ, ಅಮ್ಮಿ "ನಮಗೇನೂ ಆಗಿಲ್ಲ" ಎನ್ನುತ್ತಾರೆ. ನಮ್ಮ ಅಬ್ಬಾ ಕೂಡ ಹಾಗೆಯೇ ಅಂದಿದ್ದರು. ಮುಂದಿನ ರಜೆಯ ದಿನಗಳಲ್ಲಿ ನೀವೇ ಜೊತೆಗೆ ನಿಂತು ಕರೆದುಕೊಂಡು ಹೋಗಿ, ಚೀಟಿಯಲ್ಲಿ ಬರೆದ ಸಂಖ್ಯೆಯನ್ನು ಅವರಿಗೆ ಓದಿ ಹೇಳಿ.