ಬೋಕಿಯ ತವರೂರು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಆದರೆ ದೊಣ್ಣೆ ಒಡೆಯುವುದು ಮಡಕೆಯನ್ನು; ಸುಟ್ಟ ಮಣ್ಣನ್ನು ಅಳಿಸುವುದು ಅದರಿಂದಾಗದು. ಅದು ಕೊಳೆಯುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಹಳೆಯ ಪಟ್ಟಣಗಳನ್ನು ಅಗೆದವರಿಗೆ ರಾಶಿರಾಶಿಯಾಗಿ ದೊರೆಯುವುದು ಬೋಕಿಯೇ. ಒಂದು ಬೋಕಿ ಯಾವ ಊರಿನ ಆವಿಗೆಯಲ್ಲಿ ಬೆಂದದ್ದು ಎಂಬುದನ್ನು ತಿಳಿಯುವ ಬಗೆ ಹೇಗೆ? ಮಧ್ಯಯುಗದ ಇಂಗ್ಲೆಂಡಿನಲ್ಲಿ ಬಳಕೆಯಾದ ಎರಡು ಬಗೆಯ ಮಡಕೆಗಳನ್ನು ನಿದರ್ಶನವಾಗಿಟ್ಟುಕೊಂಡು ವಿಚಾರ ಮಾಡೋಣ.

ಆಕಾರವನ್ನು ನೋಡಿದರೆ ಸಾಲದೆ ಎಂದು ನೀವು ಕೇಳಬಹುದು. ಸಾಲದು. ಒಂದೂರಿನ ಹೂಜಿ ಸಂತೆಯಲ್ಲಿ ಚೆನ್ನಾಗಿ ಮಾರಾಟವಾದರೆ ನೆರೆಯೂರಿನ ಕುಂಬಾರನೂ ತನ್ನ ತಿಗರಿಯ ಮೇಲೆ ಅಂಥದನ್ನೇ ಎತ್ತುತ್ತಾನೆ. ರೂಪವನ್ನು ಅನುಕರಿಸಬಹುದು, ನೆಲವನ್ನು ಅನುಕರಿಸಲಾಗದು. ಬರಿಯ ಜೇಡಿಮಣ್ಣು ಒಣಗುವಾಗ ಬಿರಿಯುವುದರಿಂದ ಕುಂಬಾರ ಅದಕ್ಕೆ ಮರಳನ್ನೋ ಕಲ್ಲಿನ ಪುಡಿಯನ್ನೋ ಬೆರೆಸುತ್ತಾನೆ. ಆ ಹರಳುಗಳಲ್ಲಿ ಅವನ ಊರಿನ ಗುರುತು ಉಳಿದಿರುತ್ತದೆ.

ವಿದ್ವಾಂಸರು ಬೋಕಿಯಿಂದ ಒಂದು ಚೂರನ್ನು ಕತ್ತರಿಸಿ, ಗಾಜಿಗೆ ಅಂಟಿಸಿ, ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳುವಾಗುವವರೆಗೆ ಉಜ್ಜುತ್ತಾರೆ. ಆಗ ಬೆಳಕು ಅದರ ಮೂಲಕ ಹಾಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹರಳುಗಳು ಯಾವ ಶಿಲೆಗೆ ಸೇರಿದವೆಂಬುದು ತಿಳಿಯುತ್ತದೆ.

ಇಂಗ್ಲೆಂಡಿನ ಪಶ್ಚಿಮದಲ್ಲಿ ಮಾಲ್ವರ್ನ್ ಎಂಬ ಬೆಟ್ಟಸಾಲು ಇದೆ. ಅಲ್ಲಿಯ ಶಿಲೆ ಅರುವತ್ತು ಕೋಟಿ ವರ್ಷಗಳಿಗೂ ಹಿಂದಿನದು. ಸುತ್ತಣ ಬಯಲಿನ ಕಲ್ಲುಗಳಿಂದ ತೀರ ಬೇರೆ. ಗ್ಲಾಸ್ಟರ್, ವೂಸ್ಟರ್, ಹೆರೆಫರ್ಡ್ ಪಟ್ಟಣಗಳಲ್ಲಿ ದೊರೆತ ಮಧ್ಯಯುಗದ ಅಡಿಗೆಯ ಮಡಕೆಗಳಲ್ಲಿ ಈ ಶಿಲೆಯ ಹರಳುಗಳೇ ಕಂಡುಬಂದವು. ಆಲನ್ ವಿನ್ಸ್ ಎಂಬ ವಿದ್ವಾಂಸರು ಈ ಮಡಕೆಗಳು ಎಲ್ಲೆಲ್ಲಿ ಹರಡಿದ್ದವೆಂಬುದನ್ನು 1977ರಲ್ಲಿ ಪ್ರಕಟಿಸಿದರು. ಬೆಟ್ಟಕ್ಕೂ ಸೆವರ್ನ್ ನದಿಗೂ ನಡುವೆ ಇರುವ ಹ್ಯಾನ್ಲಿ ಕ್ಯಾಸಲ್ ಆ ಕುಂಬಾರಿಕೆಯ ಕೇಂದ್ರವಾಗಿತ್ತು. ಬಡವರ ಮಡಕೆ ನೆರೆಯ ಸಂತೆಯನ್ನು ದಾಟಿ ಹೋಗದು ಎಂಬ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

ಎಲ್ಲ ಕಡೆಯೂ ಇಂಥ ಅಪೂರ್ವ ಶಿಲೆ ಇರುವುದಿಲ್ಲ. ಬರಿಯ ಬಿಳಿಮರಳಿದ್ದರೆ ಸೂಕ್ಷ್ಮದರ್ಶಕ ಕೈಚೆಲ್ಲುತ್ತದೆ. ಆಗ ರಸಾಯನಶಾಸ್ತ್ರದ ಸರದಿ. ಮಣ್ಣಿನಲ್ಲಿ ಅತ್ಯಲ್ಪವಾಗಿ ಅಡಗಿರುವ ಹತ್ತಾರು ಧಾತುಗಳನ್ನು ಅಳೆದು, ಆವಿಗೆಯ ಬಳಿ ಬಿಸುಟ ಸೊಟ್ಟ, ಸೀಳು ಮಡಕೆಗಳ ಮಣ್ಣಿನೊಡನೆ ಹೋಲಿಸುತ್ತಾರೆ. ಕುಂಬಾರ ಕೆಟ್ಟಿತೆಂದು ಎಸೆದದ್ದೇ ಇಂದು ನಮಗೆ ಒಳ್ಳೆಯ ಸಾಕ್ಷಿ. ಮಾರಾಟವಾದ ಮಡಕೆ ಎಲ್ಲಿಗಾದರೂ ಹೋದೀತು. ಕೆಟ್ಟದ್ದನ್ನು ಹೊತ್ತು ಯಾರು ದೂರ ಹೋದಾರು?

ಇನ್ನೊಂದು ಬಗೆಯದು ಕಡಲಾಚೆಯದು. ಸೌತ್‌ಹ್ಯಾಂಪ್ಟನ್, ಎಕ್ಸಿಟರ್ ಮೊದಲಾದ ರೇವುಪಟ್ಟಣಗಳಲ್ಲಿ ಬೆಳ್ಳಗಿನ ನಯವಾದ ಮಣ್ಣಿನ, ಹಸುರು ಮೆರುಗಿನ ಹೂಜಿಗಳ ಚೂರುಗಳು ದೊರೆಯುತ್ತವೆ. ಅವುಗಳ ತವರು ಫ್ರಾನ್ಸಿನ ಸೇಂಟೋಂಜ್ ಸೀಮೆ. ಅಲ್ಲಿನ ಲಾ ಶಾಪೆಲ್ ದೆ ಪೋ ಎಂಬ ಹಳ್ಳಿಯ ಹೆಸರಿನಲ್ಲಿಯೇ ಮಡಕೆ ಉಂಟು. ಹಳೆಯ ಆವಿಗೆಗಳ ಕಸವೂ ಅಲ್ಲಿ ದೊರೆತಿದೆ. 1154ರಿಂದ 1453ರ ವರೆಗೆ ಬಹುಮಟ್ಟಿಗೆ ಬೋರ್ಡೋ ಪಟ್ಟಣ ಇಂಗ್ಲೆಂಡಿನ ದೊರೆಗಳ ಅಧೀನದಲ್ಲಿತ್ತು. ಅಲ್ಲಿಂದ ದ್ರಾಕ್ಷಾರಸದ ಪೀಪಾಯಿಗಳನ್ನು ತುಂಬಿಕೊಂಡು ಹಡಗುಗಳು ಹೊರಡುತ್ತಿದ್ದವು. ಆ ವ್ಯಾಪಾರದ ಬೆನ್ನು ಹಿಡಿದು ಹೂಜಿಗಳೂ ಕಡಲು ದಾಟಿದವು.

ಪೀಪಾಯಿಯ ಲೆಕ್ಕ ಬರೆದಿಡಲು ಗುಮಾಸ್ತರಿದ್ದರು. ಮಡಕೆ ಮಾಡಿದವನ ಕಥೆಯನ್ನು ಬರೆದವರು ವಿರಳ. ಅವನ ದುಡಿಮೆಗೆ ಉಳಿದ ದಾಖಲೆ ಈ ಬೋಕಿ, ಮತ್ತು ಅದು ನೆಲದಲ್ಲಿ ದೊರೆತ ಜಾಗ. ಜಾಗವನ್ನು ಗುರುತಿಸದೆ ಎತ್ತಿಕೊಂಡರೆ, ಅಥವಾ ಆವಿಗೆಯ ದಿಬ್ಬವನ್ನು ಯಾರೂ ನೋಡುವ ಮೊದಲೇ ಸಮಮಾಡಿದರೆ, ಆ ದಾಖಲೆಯನ್ನು ಮತ್ತೆ ಬರೆಯುವವರಿಲ್ಲ. ಪಾಯ ತೋಡುವಾಗ ಬೋಕಿಗಳ ರಾಶಿ ಎದುರಾದರೆ ಗುದ್ದಲಿಯನ್ನು ತುಸು ನಿಲ್ಲಿಸಿ, ಬಲ್ಲವರಿಗೆ ತಿಳಿಸಿರಿ.